ಜಾಥಾ ಮುಗಿದ ಮೇಲೆ ಹೆಂಗಸರು ಎಲ್ಲಿ ಹೋಗುತ್ತಾರೆ?

ಸಂಪಾದಕರಿಗೆ ನಮಸ್ಕಾರ.

ಜೂನ್ 3ರ ವಿಶ್ವ ಬೈಸಿಕಲ್ ದಿನದ ಜಾಥಾ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಫೋಟೋದಲ್ಲಿ ಸೈಕಲ್ಲಿಗಿಂತ ಬಾವುಟ ಹಿಡಿದ ಗಣ್ಯರೇ ಜಾಸ್ತಿ ಇದ್ದರು, ಅದು ಬಿಡಿ. ಈ ಪತ್ರ ಬರೆಸಿದ್ದು ವರದಿಯ ಕೊನೆಯ ಪ್ಯಾರಾ. ಜಾಥಾಗೆ ಹೆಂಗಸರು ಚೆನ್ನಾಗಿ ಬರುತ್ತಾರೆ, ಆದರೆ ಊರಾಚೆ ರೋಡ್ ಸೈಕ್ಲಿಂಗ್ ಅಂದರೆ ಹಿಂದೆ ಸರಿಯುತ್ತಾರೆ, ಅವರಿಗೆ ಧೈರ್ಯ ಸಾಲದು, ಜಾಗೃತಿ ಮೂಡಿಸಬೇಕು ಅಂತ ಸಂಘಟಕರೊಬ್ಬರು ಹೇಳಿದ್ದರು.

ನಾನು ಮೈಸೂರಿನ ಕುವೆಂಪುನಗರದಲ್ಲಿ ಲೇಡೀಸ್ ಟೈಲರ್. ಬ್ಲೌಸು, ಚೂಡಿದಾರ, ಮಕ್ಕಳ ಯೂನಿಫಾರಂ ಹೊಲಿಯುತ್ತೇನೆ. ಕೆಲವು ವರ್ಷಗಳಿಂದ ರೋಡ್ ಸೈಕಲ್ ಕೂಡ ಓಡಿಸುತ್ತೇನೆ, ಬಾಗಿದ ಹ್ಯಾಂಡಲ್ಲು, ಸಣ್ಣ ಟೈರಿನದು. ಸೆಕೆಂಡ್ ಹ್ಯಾಂಡ್. ವರುಣಾ ಕೆರೆ, ಶ್ರೀರಂಗಪಟ್ಟಣ, ನಂಜನಗೂಡು ಕಡೆ ಹೋಗಿ ಬರುತ್ತೇವೆ. ಜೊತೆಗೆ ಇನ್ನೂ ನಾಲ್ಕಾರು ಹೆಂಗಸರಿದ್ದಾರೆ, ಅವರಲ್ಲಿ ಜಾಸ್ತಿ ಜನ ಮೊದಲು ನನ್ನ ಅಂಗಡಿಯ ಗಿರಾಕಿಗಳು. ಅಳತೆ ಕೊಡುವಾಗ ಹೆಂಗಸರು ಆಡುವ ಮಾತು ಇನ್ನೆಲ್ಲೂ ಆಡುವುದಿಲ್ಲ. ಸೊಂಟದ ಸುತ್ತ ಟೇಪು ಇರುವಾಗ ಯಾರೂ ಸುಳ್ಳು ಹೇಳಲ್ಲ.

ಅವರ ಬಾಯಿಂದ ಇಷ್ಟು ದಿನ ಕೇಳಿದ್ದರಲ್ಲಿ ಧೈರ್ಯ ಸಾಲದು ಅನ್ನುವಂಥದ್ದು ನನಗೆ ಕಾಣಲಿಲ್ಲ. ಏನು ಹಾಕಿಕೊಳ್ಳೋದು, ಎಷ್ಟು ಹೊತ್ತಿಗೆ ಮನೆ ಬಿಡೋದು, ನಡುದಾರಿಯಲ್ಲಿ ಟಾಯ್ಲೆಟ್‌ಗೆ ಎಲ್ಲಿಗೆ ಹೋಗೋದು, ಹಿಂದೆ ಉಳಿದರೆ ಜೊತೆಗೆ ಯಾರಿರ್ತಾರೆ, ಇದನ್ನೆಲ್ಲ ಕೂಡಿಸಿ ಕಳೆದು ನೋಡಿ ಬೇಡ ಅಂದಿರುತ್ತಾರೆ. ಆ ಲೆಕ್ಕ ಸರಿಯಾಗೇ ಇರುತ್ತದೆ. ಲೆಕ್ಕ ಬದಲಾಗಬೇಕಾದರೆ ಅದರೊಳಗಿನ ಅಂಕಿಗಳು ಬದಲಾಗಬೇಕು, ಭಾಷಣ ಮಾಡಿದರೆ ಆಗಲ್ಲ.

ಬಟ್ಟೆಯಿಂದ ಶುರು ಮಾಡುತ್ತೇನೆ, ನನ್ನ ಕಸುಬು ಅದೇ ಅಲ್ವಾ.

ರೋಡ್ ಸೈಕಲ್ ಸೀಟು ಕಿರಿದು, ಗಟ್ಟಿ. ಅದರ ಮೇಲೆ ಎರಡು ಗಂಟೆ ಕೂರಬೇಕು ಅಂದರೆ ಪ್ಯಾಡ್ ಇರುವ, ಮೈಗಂಟಿ ಹಿಗ್ಗುವ ಲೈಕ್ರಾ ಬಟ್ಟೆಯ ಚಡ್ಡಿ ಬೇಕು. ಒಂದು ಹಳೆಯ ಚಡ್ಡಿಯನ್ನು ಟೇಬಲ್ ಮೇಲೆ ಹಾಕಿ ಹೊಲಿಗೆ ಬಿಚ್ಚಿ ನೋಡಿದ್ದೆ. ನೋಡಿದಾಗ ಅರ್ಥ ಆಯಿತು. ಅದು ಗಂಡಸರದು. ಪ್ಯಾಡ್ ಮುಂದಕ್ಕೆ ಉದ್ದ, ಹಿಂದೆ ಕಿರಿದು. ಹೆಂಗಸರ ಕೂರುವ ಮೂಳೆಗಳ ನಡುವಿನ ಅಂತರ ಸಾಮಾನ್ಯವಾಗಿ ಜಾಸ್ತಿ, ಹಾಗಾಗಿ ಹಿಂದೆ ಅಗಲ ಬೇಕು, ಮುಂದೆ ಅಷ್ಟು ಉದ್ದ ಬೇಡ. ನಮ್ಮ ಕಡೆ ಅಂಗಡಿಗಳಲ್ಲಿ ಕೇಳಿದರೆ ಗಂಡಸರ ಸ್ಮಾಲ್ ಸೈಜ್ ತೆಗೆದು ಕೊಟ್ಟು, ಇದೇ ಆಗುತ್ತೆ ಮೇಡಂ ಅನ್ನುತ್ತಾರೆ. ಆಗಲ್ಲ. ಒಂದು ಸಲ ಅದನ್ನು ಹಾಕಿಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿ ಬಂದವಳು ಸೋಮವಾರ ಆಫೀಸಿನಲ್ಲಿ ಕುರ್ಚಿಯ ಅಂಚಿನಲ್ಲಿ ಕೂತಿರುತ್ತಾಳೆ, ಆಮೇಲೆ ಸೈಕಲ್ ಕಡೆ ತಿರುಗಿಯೂ ನೋಡಲ್ಲ. ಅದಕ್ಕೆ ಜಾಗೃತಿ ಏನು ಮಾಡೀತು?

ಇನ್ನೊಂದಿದೆ. ಆ ಚಡ್ಡಿಯ ಒಳಗೆ ಒಳಉಡುಪು ಹಾಕಬಾರದು. ಹಾಕಿದರೆ ಅದರ ಹೊಲಿಗೆ ಚರ್ಮಕ್ಕೂ ಪ್ಯಾಡಿಗೂ ನಡುವೆ ಸಿಕ್ಕಿ ಉಜ್ಜಿ ಗಾಯ ಮಾಡುತ್ತದೆ. ಇದನ್ನು ಹೊಸದಾಗಿ ಬರುವ ಹೆಂಗಸಿಗೆ ಹೇಳುವವರು ಯಾರು? ಕ್ಲಬ್ಬಿನ ಗಂಡಸರಿಗೆ ಗೊತ್ತು, ಹೇಳಲು ನಾಚಿಕೆ. ಅಂಗಡಿಯವರಿಗೂ ನಾಚಿಕೆ. ಗೇರಿನ ಬಗ್ಗೆ ಮಾತ್ರ ಕೇಳದೇ ಇದ್ದರೂ ಅರ್ಧ ಗಂಟೆ ಹೇಳುತ್ತಾರೆ. ಹೀಗಾಗಿ ಎಷ್ಟೋ ಜನ ತಿಂಗಳುಗಟ್ಟಲೆ ತೊಡೆಸಂದಿ ಉರಿಸಿಕೊಂಡು, ನನ್ನ ಮೈಗೆ ಇದು ಆಗಿಬರಲ್ಲ ಅಂತ ಬಿಟ್ಟಿದ್ದಾರೆ. ನನ್ನ ಅಂಗಡಿಯಲ್ಲಿ ಇದನ್ನು ಹೇಳಿದಾಗ ಒಬ್ಬ ಹೈಸ್ಕೂಲ್ ಮೇಷ್ಟ್ರು, ಹೆಂಗಸು, ಹೋ ಅಂತ ಜೋರಾಗಿ ನಕ್ಕುಬಿಟ್ಟರು. ಗಣಿತ ಹೇಳಿಕೊಡುವವರು. ಇಷ್ಟು ಸಣ್ಣ ವಿಷಯಕ್ಕೆ ಒಂದು ವರ್ಷ ಕಳೆದುಕೊಂಡೆನಲ್ರೀ ಅಂದರು.

ಆ ಚಡ್ಡಿ ಹಾಕಿಕೊಂಡು ಮನೆಯಿಂದ ಗೇಟಿನವರೆಗೆ ನಡೆಯುವುದು ಇನ್ನೊಂದು ಕಷ್ಟ. ಹೈವೇಗಿಂತ ದೊಡ್ಡ ಕಷ್ಟ ಅದು, ಸುಮ್ನೆ ಹೇಳುತ್ತಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಹೇಳಿದ್ದು: ನಾನು ಸೈಕಲ್ ಹೊರಗೆ ತೆಗೆಯುವ ಹೊತ್ತಿಗೇ ಅತ್ತೆ ಹಾಲಿಗೆ ಬಾಗಿಲು ತೆಗೆದಿರ್ತಾರೆ, ಎದುರು ಮನೆಯವರು ರಂಗೋಲಿ ಹಾಕ್ತಿರ್ತಾರೆ, ಇವರಿಬ್ಬರ ಮಧ್ಯೆ ನಾನು ತೊಡೆ ಕಾಣೋ ಹಂಗೆ ನಿಂತಿರಬೇಕು. ಮೇಲೆ ಕುರ್ತಾ ಹಾಕಿಕೊಳ್ಳಿ ಅಂತ ಸಲಹೆ ಕೊಡುವವರಿದ್ದಾರೆ. ಕುರ್ತಾ ಹಾಕಿ ರೋಡ್ ಸೈಕಲ್ ಓಡಿಸಿದವರು ಆ ಸಲಹೆ ಕೊಡಲ್ಲ. ಏರಿನಲ್ಲಿ ಎದ್ದು ನಿಂತು ತುಳಿದು ಮತ್ತೆ ಕೂರುವಾಗ ಕುರ್ತಾದ ಹಿಂಬದಿ ಸೀಟಿನ ಮೂತಿಗೆ ಸಿಕ್ಕಿಕೊಳ್ಳುತ್ತದೆ. ಮುಂಬದಿ ಮಂಡಿಗೆ ಅಡರುತ್ತದೆ. ಪಲಾಜೊ ಆದರೆ ಚೈನಿಗೆ ಹೋಗುತ್ತದೆ. ದುಪಟ್ಟಾ ಬಗ್ಗೆ ಹೇಳುವುದೇ ಬೇಡ, ಚಕ್ರಕ್ಕೆ ಸುತ್ತಿದರೆ ಕುತ್ತಿಗೆಗೇ ಅಪಾಯ. ಹಳೆಯ ಲೇಡೀಸ್ ಸೈಕಲ್‌ಗಳಲ್ಲಿ ಹಿಂದಿನ ಚಕ್ರಕ್ಕೆ ಬಲೆ, ಚೈನಿಗೆ ಪೂರ್ತಿ ಡಬ್ಬ ಇರುತ್ತಿತ್ತು. ಸೀರೆ ಲಂಗಕ್ಕೆ ಅಂತಲೇ ಮಾಡಿದ್ದು. ರೋಡ್ ಸೈಕಲ್‌ನಲ್ಲಿ ಅದ್ಯಾವುದೂ ಇಲ್ಲ.

ಇದಕ್ಕೆ ನಾನು ಒಂದು ಮೇಲುಡುಪು ಹೊಲಿದುಕೊಡುತ್ತೇನೆ. ತೆಳ್ಳಗಿನ ನೈಲಾನ್ ಬಟ್ಟೆ, ಗಿಡ್ಡ ಲಂಗದ ಹಾಗೆ, ಸುತ್ತಿ ಕಟ್ಟುವಂಥದ್ದು, ಎರಡೂ ಪಕ್ಕ ಸೀಳು. ತೊಡೆಯ ಅರ್ಧಕ್ಕೆ ಬರುತ್ತದೆ. ಇದರ ಅಳತೆ ನಿಂತಾಗ ತೆಗೆದರೆ ಕೆಟ್ಟಿತು. ರೋಡ್ ಸೈಕಲ್ ಮೇಲೆ ಬೆನ್ನು ಬಗ್ಗಿರುತ್ತದೆ, ಹಿಂಬದಿ ಬಟ್ಟೆ ಮೂರು ನಾಲ್ಕು ಇಂಚು ಮೇಲಕ್ಕೆ ಹೋಗುತ್ತದೆ. ಅದಕ್ಕೇ ಗಿರಾಕಿಗೆ ಎರಡೂ ಕೈ ಕಟಿಂಗ್ ಟೇಬಲ್ ಮೇಲಿಟ್ಟು ಬಗ್ಗಿ ನಿಲ್ಲಲು ಹೇಳುತ್ತೇನೆ, ತಲೆ ಎತ್ತಿ ಎದುರಿನ ಕ್ಯಾಲೆಂಡರ್ ನೋಡಿ ಅನ್ನುತ್ತೇನೆ. ಆಗ ತೆಗೆದ ಅಳತೆಯೇ ಅಳತೆ. ಮುಂದೆ ಗಿಡ್ಡ, ಹಿಂದೆ ಉದ್ದ. ಪ್ಯಾಡ್ ಚಡ್ಡಿಯನ್ನು ಮಾತ್ರ ನಾನು ಹೊಲಿಯಲ್ಲ, ಅದಕ್ಕೆ ಚಪ್ಪಟೆ ಹೊಲಿಗೆ ಹಾಕುವ ಬೇರೆ ಮಿಷನ್ ಬೇಕು. ನನ್ನ ಮಾಮೂಲಿ ಮಿಷನ್ನಿನ ಹೊಲಿಗೆ ಎದ್ದು ನಿಲ್ಲುತ್ತದೆ, ಚುಚ್ಚುತ್ತದೆ.

ಈ ಲಂಗ ಹೊಲಿಸಿಕೊಂಡ ಮೇಲೆ ಮನೆ ಬಿಟ್ಟವರಿದ್ದಾರೆ. ಅಂದರೆ ಅವರನ್ನು ಇಷ್ಟು ದಿನ ತಡೆದಿದ್ದು ಅರ್ಧ ಮೀಟರ್ ಬಟ್ಟೆ. ತೊಡೆ ಕಂಡರೆ ಏನೀಗ ಅಂತ ನನ್ನ ಮಗಳ ವಯಸ್ಸಿನವರು ಕೇಳುತ್ತಾರೆ. ಕೇಳಲಿ, ಸರಿಯಾಗೇ ಕೇಳುತ್ತಾರೆ. ಅವರು ಹಾಗೇ ಹೋಗಲಿ. ಆದರೆ ನಲವತ್ತೈದು ವರ್ಷದವಳೊಬ್ಬಳು ಮೊದಲು ಅತ್ತೆಯ ಜೊತೆ ಯುದ್ಧ ಗೆದ್ದು, ಆಮೇಲೆ ಸೈಕಲ್ ಹತ್ತಬೇಕು ಅಂತ ಕಾಯುತ್ತಾ ಕೂತರೆ ಅವಳು ಹತ್ತುವುದೇ ಇಲ್ಲ.

ಇನ್ನು ಹೊತ್ತಿನ ಮಾತು. ಊರಿನ ಯಾವ ಗುಂಪನ್ನೇ ಕೇಳಿ, ಭಾನುವಾರ ಬೆಳಗ್ಗೆ ಐದೂವರೆಗೆ ಹೊರಡುತ್ತಾರೆ. ಬಿಸಿಲು ಏರುವ ಮುಂಚೆ, ಲಾರಿ ಬರುವ ಮುಂಚೆ ಅನ್ನುವ ಕಾರಣ ಸರಿ. ಆದರೆ ಜನವರಿಯಲ್ಲಿ ಮೈಸೂರಲ್ಲಿ ಆರೂವರೆ ದಾಟಿದರೂ ಸೂರ್ಯ ಬರಲ್ಲ. ಒಂದು ಗಂಟೆ ಕತ್ತಲಲ್ಲೇ ಹೋಗಬೇಕು, ಮನೆಯಿಂದ ಗುಂಪು ಸೇರುವ ಜಾಗದವರೆಗೆ ಒಬ್ಬಳೇ. ಬೀದಿನಾಯಿಗಳ ದರ್ಬಾರು ಅದೇ ಹೊತ್ತಿಗೆ. ತಿರುಗುವ ಕಾಲು ಕಂಡರೆ ಅವಕ್ಕೆ ಏನೋ ಆಗುತ್ತದೆ, ಮೀನಖಂಡಕ್ಕೇ ಬಾಯಿ ಹಾಕಲು ಬರುತ್ತವೆ. ನಾಯಿಗೆ ಗಂಡು ಹೆಣ್ಣು ಭೇದ ಇಲ್ಲ, ಅಷ್ಟರ ಮಟ್ಟಿಗೆ ಅದು ಮೇಲು.

ಆಮೇಲೆ ಒಂಬತ್ತು ಗಂಟೆಗೆ ಎಲ್ಲರೂ ದೋಸೆ ತಿಂದು, ಫಿಲ್ಟರ್ ಕಾಫಿ ಕುಡಿದು, ಫೋಟೋ ಹಾಕಿ ಹತ್ತಕ್ಕೆ ಮನೆ ಸೇರುತ್ತಾರೆ. ಐದೂವರೆಯಿಂದ ಹತ್ತರವರೆಗೆ ಅವರ ಮನೆಯಲ್ಲಿ ನೀರು ಹಿಡಿದವರು ಯಾರು, ಮಕ್ಕಳನ್ನು ಎಬ್ಬಿಸಿದವರು ಯಾರು, ವಯಸ್ಸಾದವರಿಗೆ ಮಾತ್ರೆ ಕೊಟ್ಟವರು ಯಾರು? ಗಂಡಸರ ಭಾನುವಾರದ ಸವಾರಿ ನಿಂತಿರುವುದೇ ಮನೆಯಲ್ಲಿ ಇನ್ನೊಬ್ಬಳು ಎದ್ದಿದ್ದಾಳೆ ಅನ್ನುವ ನಂಬಿಕೆಯ ಮೇಲೆ. ಆ ಇನ್ನೊಬ್ಬಳೇ ಸೈಕಲ್ ಹತ್ತಬೇಕಾದರೆ ನಾಲ್ಕಕ್ಕೆ ಎದ್ದು ಹಿಟ್ಟು ಕಲಸಿಟ್ಟು ಹೋಗಬೇಕು. ನಾಲ್ಕಕ್ಕೆ ಎದ್ದವಳಿಗೆ ಏಳು ಗಂಟೆಗೆ ಏರಿನಲ್ಲಿ ಉಸಿರು ಬಿಗಿದರೆ, ಸ್ಟ್ಯಾಮಿನಾ ಬೆಳೆಸಿಕೊಳ್ಳಿ ಅನ್ನುತ್ತಾರೆ.

ಬ್ರೆವೆ ಅಂತ ದೂರದ ಸವಾರಿಗಳಿವೆ, ಕರ್ನಾಟಕದಲ್ಲೂ ನಡೆಯುತ್ತವೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ ಸಮಯ, 300ಕ್ಕೆ 20 ಗಂಟೆ. ರೇಸ್ ಅಲ್ಲ, ಅಷ್ಟರೊಳಗೆ ಮುಗಿಸಿದರೆ ಸಾಕು. ನಮ್ಮ ಗುಂಪಿನ ಮೂವರಿಗಾದರೂ 200 ಮುಗಿಸುವ ಕಾಲಿದೆ. ಒಬ್ಬರೂ ಹೆಸರು ಕೊಟ್ಟಿಲ್ಲ. ಹದಿಮೂರೂವರೆ ಗಂಟೆ ತುಳಿಯುವುದು ಅವರಿಗೆ ದೊಡ್ಡದಲ್ಲ. ಹದಿಮೂರೂವರೆ ಗಂಟೆ ಮನೆಯಲ್ಲಿ ಇಲ್ಲದೇ ಇರುವುದು ದೊಡ್ಡದು.

ರಸ್ತೆಯ ಮಾತಿಗೆ ಬರುತ್ತೇನೆ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಜೊತೆ ಸೈಕಲ್ಲಿಗೂ ಪ್ರವೇಶ ಇಲ್ಲ. ಒಳ್ಳೆಯದೇ ಆಯಿತು, ನೂರರ ವೇಗದಲ್ಲಿ ಕಾರು ಬರುವ ಕಡೆ ನಮಗೇನು ಕೆಲಸ. ಆದರೆ ನಮ್ಮನ್ನು ಇಳಿಸಿದ್ದು ಸರ್ವಿಸ್ ರಸ್ತೆಗೆ. ಅಲ್ಲಿ ಎದುರಿಂದ ರಾಂಗ್ ಸೈಡಿನಲ್ಲಿ ಬರುವ ಬೈಕು, ನಿಂತ ಲಾರಿ, ಅಂಡರ್‌ಪಾಸಿನ ಕತ್ತಲೆ, ಮಳೆ ಬಂದರೆ ಅಲ್ಲೇ ನೀರು. ಇದು ಗಂಡಸರಿಗೂ ಇದೆ. ಹೆಂಗಸರಿಗೆ ಇದರ ಮೇಲೆ ಇನ್ನೊಂದು ಬಾಬತ್ತಿದೆ.

ಮೈಸೂರಲ್ಲಿ ಸ್ಕೂಟರ್ ಓಡಿಸದ ಹೆಂಗಸು ಅಪರೂಪ. ಇದೇ ರಸ್ತೆಯಲ್ಲಿ, ರಾತ್ರಿ ಒಂಬತ್ತಕ್ಕೂ ಓಡಿಸುತ್ತಾರೆ. ಅವರಿಗೆ ಯಾರೂ ಧೈರ್ಯ ಸಾಲದು ಅನ್ನಲ್ಲ. ಹಾಗಾದರೆ ಅದೇ ಹೆಂಗಸು ಸೈಕಲ್ ಅಂದರೆ ಯಾಕೆ ಯೋಚಿಸುತ್ತಾಳೆ? ಸ್ಕೂಟರಿನಲ್ಲಿ ಒಬ್ಬ ಪಕ್ಕಕ್ಕೆ ಬಂದು ಚೇಷ್ಟೆ ಮಾಡಿದರೆ ಆಕ್ಸಿಲರೇಟರ್ ತಿರುಗಿಸಿ ಮುಂದೆ ಹೋಗಬಹುದು. ಸೈಕಲ್ ಮೇಲೆ ನನ್ನ ವೇಗ ಗಂಟೆಗೆ ಇಪ್ಪತ್ತು, ಎದುರುಗಾಳಿ ಇದ್ದರೆ ಹದಿನೈದು. ಎಷ್ಟು ಹೊತ್ತು ಪಕ್ಕದಲ್ಲಿರಬೇಕು ಅಂತ ತೀರ್ಮಾನ ಮಾಡುವವನು ಬೈಕಿನವನು. ಒಂದು ಬೆಳಗ್ಗೆ ನಂಜನಗೂಡು ರಸ್ತೆಯಲ್ಲಿ ಬಂಡಿಪಾಳ್ಯ ದಾಟಿದ ಮೇಲೆ ಒಂದು ಬೈಕು ಬಂತು. ಇಬ್ಬರು ಹುಡುಗರು. ಆಂಟಿ ರೇಸಾ ಅಂದರು. ನಾನು ಮಾತಾಡಲಿಲ್ಲ. ಮುಂದೆ ಹೋಗಿ ನಿಧಾನ ಮಾಡಿದರು, ನಾನು ದಾಟಿದೆ, ಮತ್ತೆ ಪಕ್ಕಕ್ಕೆ ಬಂದರು. ಹಿಂದೆ ಕೂತವನು ಮೊಬೈಲ್ ಎತ್ತಿ ಹಿಡಿದಿದ್ದ. ಮುಟ್ಟಲಿಲ್ಲ, ಬೈಯಲಿಲ್ಲ. 112ಕ್ಕೆ ಫೋನ್ ಮಾಡಿ ಏನಂತ ಹೇಳಲಿ, ಇಬ್ಬರು ನನ್ನ ಪಕ್ಕ ಹೋಗ್ತಿದ್ದಾರೆ ಅಂತಲಾ? ಕಡಕೊಳದ ಹತ್ತಿರ ಒಂದು ಟೀ ಅಂಗಡಿ ತೆರೆದಿತ್ತು, ಅಲ್ಲಿ ಇಳಿದು ನಿಂತೆ. ಅಂಗಡಿಯ ಅಜ್ಜಿ ಏನೂ ಕೇಳದೆ ಒಂದು ಸ್ಟೂಲ್ ಹೊರಗೆ ಹಾಕಿ ನನ್ನ ಪಕ್ಕ ಕೂತರು. ಬೈಕು ಹೋಯಿತು. ಅವತ್ತು ನಂಜನಗೂಡಿಗೆ ಹೋಗಲಿಲ್ಲ, ಅಲ್ಲಿಂದಲೇ ವಾಪಸ್ ಬಂದೆ. ಆಮೇಲೆ ಆ ರಸ್ತೆಗೆ ಒಬ್ಬಳೇ ಹೋಗಿಲ್ಲ. ಜೊತೆ ಸಿಕ್ಕಾಗ ಹೋಗುತ್ತೇನೆ.

ಹುಡುಗಿಯರು ಸ್ಟ್ರಾವಾ ಆಪ್ ಬಗ್ಗೆ ಹೇಳುತ್ತಿರುತ್ತಾರೆ, ನಾವು ಹೋದ ಸವಾರಿಯನ್ನು ದಾಖಲು ಮಾಡಿ ಬೇರೆಯವರಿಗೂ ತೋರಿಸುವಂಥದ್ದು. ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ನಕ್ಷೆ ತೋರಿಸುತ್ತದಂತೆ. ಶುರು ಆದ ಜಾಗ ಅಂದರೆ ಮನೆ. ಅದನ್ನು ಮುಚ್ಚಿಡುವ ಸೆಟ್ಟಿಂಗ್ ಇದೆ, ನಮ್ಮ ಗುಂಪಿನವರೆಲ್ಲ ಮೊದಲು ಕಲಿತದ್ದು ಅದನ್ನೇ. ಗಂಡಸರ ಗುಂಪಿನಲ್ಲಿ ಕೇಳಿದೆ, ಹಾಗೊಂದು ಇದೆ ಅಂತಲೇ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ.

ಟಾಯ್ಲೆಟ್ ವಿಷಯ ಬರೆಯಲೋ ಬೇಡವೋ ಅಂತ ಯೋಚಿಸಿದೆ. ಬರೆಯದೇ ಇದ್ದರೆ ಈ ಪತ್ರಕ್ಕೆ ಅರ್ಥವಿಲ್ಲ. ಗಂಡಸರಿಗೆ ಹುಣಸೆಮರ ಸಾಕು. ನಮಗೆ ಇಪ್ಪತ್ತು ಮೂವತ್ತು ಕಿಲೋಮೀಟರ್ ರಸ್ತೆಯಲ್ಲಿ ಇರುವುದು ಪೆಟ್ರೋಲ್ ಬಂಕ್ ಒಂದೇ. ಬಂಕಿನಲ್ಲಿ ಟಾಯ್ಲೆಟ್, ಕುಡಿಯುವ ನೀರು, ಗಾಳಿ ಯಾರಿಗೇ ಆಗಲಿ ಪುಕ್ಕಟೆ ಕೊಡಬೇಕು ಅಂತ ನಿಯಮ ಇದೆ. ಬೆಳಗ್ಗೆ ಆರಕ್ಕೆ ಹೋದರೆ ಬೀಗ. ಕೀ ಮ್ಯಾನೇಜರ್ ಹತ್ತಿರ, ಮ್ಯಾನೇಜರ್ ಎಂಟಕ್ಕೆ ಬರ್ತಾರೆ. ಒಂದು ಕಡೆ ತೆಗೆದುಕೊಟ್ಟರು, ಒಳಗೆ ಚಿಲಕ ಇರಲಿಲ್ಲ, ಸೈಕಲ್ ಹೆಲ್ಮೆಟ್ ಬಾಗಿಲಿಗೆ ಅಡ್ಡ ಇಟ್ಟುಕೊಂಡು ಹೋದದ್ದಾಯಿತು. ಇದರ ಪರಿಣಾಮ ಏನು ಗೊತ್ತಾ? ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಎರಡು ಗಂಟೆ ಬಿಸಿಲಲ್ಲಿ ಬೆವರು ಸುರಿಸಿ ತುಂಬಿದ ಬಾಟಲಿ ಹಾಗೇ ಮನೆಗೆ ತರುತ್ತಾರೆ. ತಲೆನೋವು, ಮೂತ್ರದ ಉರಿ. ಡಾಕ್ಟರ್ ಹತ್ತಿರ ಹೋದರೆ ನೀರು ಕುಡಿಯಿರಿ ಅನ್ನುತ್ತಾರೆ. ಮನೆಯವರು ಸೈಕಲ್ ಬಿಡು ಅನ್ನುತ್ತಾರೆ.

ಸೈಕಲ್ ಚಡ್ಡಿಗಳಲ್ಲಿ ಬಿಬ್ ಅಂತ ಒಂದಿದೆ, ಹೆಗಲ ಮೇಲೆ ಪಟ್ಟಿ ಬರುವಂಥದ್ದು. ಹೊಟ್ಟೆ ಬಿಗಿಯಲ್ಲ, ಜಾರಲ್ಲ, ಅದೇ ಬೆಸ್ಟ್ ಅಂತ ಗಂಡಸರೆಲ್ಲ ಹೇಳುತ್ತಾರೆ. ಮಾಮೂಲಿ ಬಿಬ್ ಹಾಕಿದ ಹೆಂಗಸು ಟಾಯ್ಲೆಟ್‌ಗೆ ಹೋಗಬೇಕಾದರೆ ಮೇಲಿನ ಜೆರ್ಸಿಯನ್ನೇ ಪೂರ್ತಿ ಬಿಚ್ಚಬೇಕು. ಚಿಲಕ ಇಲ್ಲದ ಬಾಗಿಲು ನೆನಪಿಸಿಕೊಳ್ಳಿ. ತಿಂಗಳ ಆ ದಿನಗಳಲ್ಲಿ ಹೇಗೆ ಅನ್ನುವುದನ್ನು ನೀವೇ ಊಹಿಸಿ.

ಸೈಕಲ್ಲಿನ ಬಗ್ಗೆ ಜಾಸ್ತಿ ಹೇಳಲ್ಲ. ಫ್ರೇಮಿನ ಅಳತೆ ಮುಖ್ಯ, ಐದಡಿ ಎತ್ತರದವಳಿಗೆ ಅಂಗಡಿಯಲ್ಲಿ ನಿಂತಿರುವ ದೊಡ್ಡದನ್ನೇ ಕಟ್ಟಿದರೆ ಅವಳು ಹ್ಯಾಂಡಲ್ ಹಿಡಿಯಲು ಮೈ ಚಾಚಿ ಚಾಚಿ ಕತ್ತುನೋವು ಬರಿಸಿಕೊಳ್ಳುತ್ತಾಳೆ. ಒಂದು ಸಂಗತಿ ಮಾತ್ರ ಹೇಳಲೇಬೇಕು. ಸಣ್ಣ ಕೈಗೆ ಬ್ರೇಕ್ ಲಿವರ್ ಎಟುಕಲ್ಲ, ಬೆರಳ ತುದಿಯಲ್ಲಿ ಹಿಡಿಯಬೇಕು. ಚಾಮುಂಡಿ ಬೆಟ್ಟದಿಂದ ಇಳಿಯುವಾಗ ಬೆರಳ ತುದಿಯ ಬ್ರೇಕು ಅಂದರೆ ಹೆದರಿಕೆ ಆಗದೆ ಇರುತ್ತಾ? ಈಗಿನ ಬಹಳಷ್ಟು ಲಿವರ್‌ಗಳಲ್ಲಿ ಅದನ್ನು ಹತ್ತಿರ ತರುವ ಪುಟ್ಟ ಸ್ಕ್ರೂ ಇರುತ್ತದೆ. ಅಲೆನ್ ಕೀ ಹಾಕಿ ತಿರುಗಿಸಿದರೆ ಮುಗಿಯಿತು. ನನಗೆ ಸೈಕಲ್ ಮಾರಿದವರು ಹೇಳಲಿಲ್ಲ. ರಿಪೇರಿಗೆ ಕೊಟ್ಟಾಗಲೂ ಹೇಳಲಿಲ್ಲ. ನಮ್ಮ ಗುಂಪಿನ ಇಂಜಿನಿಯರ್ ಹುಡುಗಿ ಯೂಟ್ಯೂಬ್ ನೋಡಿ ಎಲ್ಲರದ್ದೂ ತಿರುಗಿಸಿಕೊಟ್ಟಳು. ಬೆಟ್ಟ ಇಳಿಯಲು ಹೆದರುತ್ತಾಳೆ ಅಂತ ಹೆಸರು ಪಡೆದವರು ಅದರ ಮುಂದಿನ ವಾರ ಎಲ್ಲರಿಗಿಂತ ಮುಂಚೆ ಕೆಳಗಿದ್ದರು. ಆ ಪೆಡಲಿಗೆ ಶೂ ಸಿಕ್ಕಿಸುವ ಕ್ಲಿಪ್ಪುಗಳನ್ನು ಮೊದಲ ವರ್ಷ ಮುಟ್ಟಲೇಬೇಡಿ, ಯಾರು ಎಷ್ಟೇ ಹೇಳಿದರೂ.

ತಾಯಂದಿರ ಪಿಸುಮಾತು ಒಂದಿದೆ. ಮಗಳ ಅಳತೆ ಕೊಡಿಸಲು ಬಂದಾಗ, ಅವಳು ಅತ್ತ ಹೋದ ಮೇಲೆ ಕೇಳುತ್ತಾರೆ: ಸೈಕಲ್ ಜಾಸ್ತಿ ಹೊಡೆದರೆ ಮುಂದೆ ತೊಂದರೆ ಆಗಲ್ವಾ? ಗರ್ಭಕೋಶ ಜಾರುತ್ತೆ ಅಂತಾರೆ. ಇನ್ನೂ ಒಂದು ಇರುತ್ತದೆ, ಅದನ್ನು ಬಾಯಿಬಿಟ್ಟು ಹೇಳಲ್ಲ, ಮದುವೆಯ ರಾತ್ರಿಯ ಬಗ್ಗೆ. ಎರಡೂ ಸುಳ್ಳು. ಸೈಕಲ್ ಓಡಿಸಿದರೆ ಗರ್ಭಕೋಶ ಜಾರಲ್ಲ. ಕನ್ಯತ್ವಕ್ಕೆ ಮೈಯಲ್ಲಿ ಗುರುತು ಅನ್ನುವುದು ವೈದ್ಯಶಾಸ್ತ್ರದಲ್ಲಿ ಇಲ್ಲವೇ ಇಲ್ಲ, ಅಂಥ ಪರೀಕ್ಷೆಯೇ ಕೂಡದು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಇದು ನಮ್ಮ ಊರಿನ ಮೂಢನಂಬಿಕೆ ಮಾತ್ರ ಅಂದುಕೊಳ್ಳಬೇಡಿ. 1890ರ ದಶಕದಲ್ಲಿ ಇಂಗ್ಲೆಂಡ್, ಅಮೆರಿಕದ ಡಾಕ್ಟರುಗಳೇ ಸೈಕಲ್ ಓಡಿಸುವ ಹೆಂಗಸರ ಮುಖ ಸೊಟ್ಟಗಾಗುತ್ತದೆ ಅಂತ ಬರೆಯುತ್ತಿದ್ದರು. ಗಂಡಸರ ಸೈಕಲ್ ರೇಸ್ 1896ರ ಮೊದಲ ಒಲಿಂಪಿಕ್ಸ್‌ನಲ್ಲೇ ಇತ್ತು. ಹೆಂಗಸರ ರೋಡ್ ರೇಸ್ ಬಂದದ್ದು 1984ರಲ್ಲಿ. ಕಪ್ಪಗಾಗ್ತೀಯ ಅನ್ನುವ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಹೌದು, ಆಗ್ತೀವಿ.

ಹೆಂಗಸರಿಗೆ ಸೈಕಲ್ ಬರಲ್ಲ ಅನ್ನುವುದಂತೂ ಸುಳ್ಳೇ ಸುಳ್ಳು. ನಮ್ಮ ರಾಜ್ಯದಲ್ಲಿ 2006-07ರಿಂದ ಸರ್ಕಾರಿ ಶಾಲೆಯ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಟ್ಟರು. ಟಿ. ನರಸೀಪುರ, ನಂಜನಗೂಡು ಕಡೆಯ ಹಳ್ಳಿಗಳಲ್ಲಿ ಬೆಳಗ್ಗೆ ಒಂಬತ್ತಕ್ಕೆ ಯೂನಿಫಾರಂ ಹುಡುಗಿಯರ ಸಾಲು ಸೈಕಲ್ ಮೇಲೆ ಹೋಗುವುದನ್ನು ನೀವೂ ನೋಡಿದ್ದೀರಿ. ಮೊದಮೊದಲು ಆ ಸಾಲಿನಲ್ಲಿದ್ದವರಿಗೆ ಈಗ ಮೂವತ್ತರ ಆಸುಪಾಸು. ಕೊರೊನಾ ಹೊತ್ತಿಗೆ ಸೈಕಲ್ ಕೊಡುವುದು ನಿಂತಿತು, ಅದು ಬೇರೆ ಕಥೆ. ಹತ್ತನೇ ಕ್ಲಾಸ್ ಮುಗಿದ ಮೇಲೆ ಆ ಸೈಕಲ್ ಏನಾಯಿತು ಅಂತ ನನ್ನ ಅಂಗಡಿಯಲ್ಲಿ ಕಾಜಾ ಹಾಕುವ ಹುಡುಗಿಯನ್ನು ಕೇಳಿದೆ. ತಮ್ಮ ತಗೊಂಡ ಅಂದಳು. ನೀನು? ನಾನು ಬಸ್ಸು. ಅವಳಿಗೆ ಸೈಕಲ್ ಬರುತ್ತೆ, ಏಳು ಕಿಲೋಮೀಟರ್ ತುಳಿದು ಶಾಲೆಗೆ ಹೋದವಳು. ಕಾರಣ ಮುಗಿಯಿತು, ಸೈಕಲ್ ಹೋಯಿತು ಅಷ್ಟೇ. ಶಾಲೆಗೆ ಅಂದರೆ ಊರೆಲ್ಲ ಒಪ್ಪುತ್ತದೆ. ಸುಮ್ನೆ, ನನ್ನ ಖುಷಿಗೆ ಅಂದರೆ ಒಪ್ಪಲ್ಲ. ಒಳ್ಳೆ ರೋಡ್ ಸೈಕಲ್ಲಿಗೆ ಮೂವತ್ತು ನಲವತ್ತು ಸಾವಿರ ಬೇಕು ಬೇರೆ. ಅಷ್ಟು ದುಡ್ಡು ಗಂಡ ಹಾಕಿದರೆ ಆರೋಗ್ಯಕ್ಕೆ, ಹೆಂಡತಿ ಹಾಕಿದರೆ ಶೋಕಿಗೆ.

1990ರ ದಶಕದ ಶುರುವಿನಲ್ಲಿ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಹೆಂಗಸರಿಗೆ ಸೈಕಲ್ ಕಲಿಸಿದರು. ಕಲ್ಲುಕ್ವಾರಿಯಲ್ಲಿ ಕೆಲಸ ಮಾಡುವವರು, ಹೊಲದ ಕೂಲಿಯವರು, ಅಂಗನವಾಡಿಯವರು, ಲಕ್ಷದ ಲೆಕ್ಕದಲ್ಲಿ ಕಲಿತರು. ಲೇಡೀಸ್ ಸೈಕಲ್ ಸಾಲದೆ ಗಂಡಸರ ಸೈಕಲ್ಲನ್ನೇ ಓಡಿಸಿದರು. ಅಡ್ಡಕಂಬಿ ಇದ್ದರೆ ಮಗುವನ್ನು ಕೂರಿಸಲು ಅನುಕೂಲ ಅಂದವರೂ ಇದ್ದರಂತೆ. ಅವರನ್ನೂ ಜನ ಆಡಿಕೊಂಡರು. ಆದರೆ ಒಬ್ಬೊಬ್ಬರೇ ಇರಲಿಲ್ಲ, ಊರೂರೇ ಕಲಿಯುತ್ತಿತ್ತು, ಜಿಲ್ಲಾಡಳಿತ ಬೆನ್ನಿಗಿತ್ತು.

ಅಷ್ಟು ದೂರ ಯಾಕೆ? ನಮ್ಮ ವಿಜಯಪುರ, ಬಾಗಲಕೋಟೆ ನೋಡಿ. ಅಲ್ಲಿಯ ಹುಡುಗಿಯರು ಎಷ್ಟೋ ವರ್ಷಗಳಿಂದ ರಾಷ್ಟ್ರ ಮಟ್ಟದ ಸೈಕಲ್ ರೇಸ್‌ಗಳಲ್ಲಿ ಪದಕ ತರುತ್ತಿದ್ದಾರೆ. ಬಹಳಷ್ಟು ಜನ ಹಳ್ಳಿಯವರು, ರೈತರ ಮನೆಯವರು. ಅದೇ ಲೈಕ್ರಾ, ಅದೇ ಬಾಗಿದ ಹ್ಯಾಂಡಲ್ಲು, ಅದೇ ಹೈವೇ. ಮೈಸೂರಿನ ಓದಿದ ಹೆಂಗಸರಿಗೆ ಇಲ್ಲದ ಧೈರ್ಯ ಅವರಿಗೆ ಎಲ್ಲಿಂದ ಬಂತು? ಅವರಿಗೆ ಕ್ರೀಡಾ ಹಾಸ್ಟೆಲ್ ಇದೆ, ಕೋಚ್ ಇದ್ದಾರೆ, ಜೊತೆಗೆ ಇನ್ನಷ್ಟು ಹುಡುಗಿಯರಿದ್ದಾರೆ, ಅವರು ಅಭ್ಯಾಸಕ್ಕೆ ಹೋದಾಗ ಮನೆಯಲ್ಲಿ ಚಪಾತಿ ಯಾರು ಮಾಡುತ್ತಾರೆ ಅಂತ ಯಾರೂ ಕೇಳಲ್ಲ. ನಮ್ಮ ಬ್ಯಾಂಕಿನವರನ್ನು ಒಂದು ವರ್ಷ ಆ ಹಾಸ್ಟೆಲಿನಲ್ಲಿ ಇಟ್ಟು ನೋಡಿ.

ಹಾಗಾಗಿ ಸಂಘಟಕರಿಗೆ ನನ್ನದು ಒಂದೆರಡು ಕೋರಿಕೆ. ಗುಲಾಬಿ ಬಣ್ಣದ ಟೀ ಶರ್ಟ್ ಬೇಡ, ನಮ್ಮ ಬೀರುವಿನಲ್ಲಿ ಈಗಾಗಲೇ ಸಾಕಷ್ಟಿವೆ, ನೆಲ ಒರೆಸಲು ಕೂಡ ಆಗಲ್ಲ, ನೀರೇ ಹೀರಲ್ಲ ಅವು. ಆ ದುಡ್ಡಲ್ಲಿ ಹೆಂಗಸರ ಅಳತೆಯ ಪ್ಯಾಡ್ ಚಡ್ಡಿ ತರಿಸಿ ಇಡಿ. ಒಂದು ಸವಾರಿಯನ್ನಾದರೂ ಶನಿವಾರ ಸಂಜೆ ನಾಲ್ಕಕ್ಕೆ ಇಡಿ, ಅಡುಗೆಮನೆ ಖಾಲಿ ಇರುವ ಹೊತ್ತು ಅದು. ಹೊರಡುವ ಮುಂಚೆ ಯಾರಾದರೂ ಬೈಕಿನಲ್ಲಿ ಹೋಗಿ ದಾರಿಯ ಟಾಯ್ಲೆಟ್ ನೋಡಿಕೊಂಡು ಬನ್ನಿ, ಚಿಲಕ ಸಮೇತ. ಯಾರನ್ನೂ ಹಿಂದೆ ಬಿಡಲ್ಲ ಅಂತ ಹೇಳುತ್ತೀರಿ, ಸರಿ. ಆದರೆ ಮುಂದಿನವರು ಟೀ ಅಂಗಡಿಯಲ್ಲಿ ಹತ್ತು ನಿಮಿಷ ಸುಧಾರಿಸಿಕೊಂಡಿರುತ್ತಾರೆ, ಕೊನೆಯವಳು ಬಂದು ಕಾಲು ಊರುವಷ್ಟರಲ್ಲಿ ನಡೀರಿ ಹೋಗೋಣ ಅನ್ನುತ್ತಾರೆ. ಎಲ್ಲರಿಗಿಂತ ಜಾಸ್ತಿ ದಣಿದವಳಿಗೆ ವಿಶ್ರಾಂತಿಯೇ ಇಲ್ಲ. ಕೊನೆಯವಳು ಬಂದು, ಕೂತು, ನೀರು ಕುಡಿದು, ಅವಳು ಹೇಳಿದ ಮೇಲೆ ಹೊರಡಿ. ಆಮೇಲೆ ಅವಳ ಫೋಟೋವನ್ನು ವಾಟ್ಸ್‌ಆಪ್ ಗುಂಪಿಗೆ ಹಾಕುವ ಮುಂಚೆ ಒಂದು ಮಾತು ಕೇಳಿ.

ನಿಮ್ಮ ವರದಿಗಾರರಿಗೂ ಒಂದು ಕೆಲಸ ಇದೆ. ಮೈಸೂರಿನಿಂದ ನಂಜನಗೂಡಿನವರೆಗೆ ಬೆಳಗ್ಗೆ ಆರರಿಂದ ಎಂಟರೊಳಗೆ ಎಷ್ಟು ಬಂಕಿನ ಟಾಯ್ಲೆಟ್ ತೆರೆದಿರುತ್ತೆ ಅಂತ ನೋಡಿ ಬರೆಯಲಿ. ವರದಿಗಾರ್ತಿಯನ್ನು ಕಳಿಸಿದರೆ ಇನ್ನೂ ಒಳ್ಳೆಯದು. ಸೈಕಲ್ ನಾನು ಕೊಡುತ್ತೇನೆ.

ಈ ಪತ್ರ ಓದಿ ಆ ಲಂಗ ಹೊಲಿಸಬೇಕು ಅನ್ನಿಸಿದವರು ಪ್ಯಾಡ್ ಚಡ್ಡಿ ಹಾಕಿಕೊಂಡೇ ಅಳತೆಗೆ ಬನ್ನಿ, ಅದಿಲ್ಲದೆ ತೆಗೆದ ಅಳತೆ ಬಿಗಿಯಾಗುತ್ತದೆ. ಹಳೆಯ ಚಡ್ಡಿಯ ಪ್ಯಾಡ್ ಬಿಚ್ಚಿ ಹೊಸದಕ್ಕೆ ಹಾಕಿಕೊಡಿ ಅಂತ ಕೇಳಬೇಡಿ, ಸತ್ತ ಸ್ಪಂಜಿಗೆ ಜೀವ ಬರಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಮೂರು ವಾರ ಇರುವಾಗ ಬ್ಲೌಸ್ ರಾಶಿ ಶುರುವಾಗುತ್ತದೆ, ಅಷ್ಟರೊಳಗೆ ಬಂದರೆ ಎರಡು ದಿನದಲ್ಲಿ ಕೊಡುತ್ತೇನೆ.

ಇಂತಿ,
ಒಬ್ಬ ಲೇಡೀಸ್ ಟೈಲರ್,
ಕುವೆಂಪುನಗರ, ಮೈಸೂರು